ಕಟ್ಟೆಯ ಮೇಲಿನ ವಿದೇಶಾಂಗ ಖಾತೆ

ಮೊನ್ನೆ ಬೆಟಗೇರಿಯಿಂದ ಒಂದು ಕಾರ್ಡು ಬಂತು. ಮೇಲೆ ಶ್ರೀಕಾರವಿಲ್ಲ, ಕ್ಷೇಮಸಮಾಚಾರವಿಲ್ಲ, ಎರಡೇ ಸಾಲು. "ಮಾಸ್ತರು ಹೋದರು. ಊಟ ಮುಗಿಸಿ, ಕಟ್ಟೆಯ ಮೇಲೆಯೇ ಹೋದರು." ಕೆಳಗೆ ಯಲ್ಲಪ್ಪನವರ ಸಹಿ. ಸಾವಿನ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಹೆಂಡತಿ ಈಗಾಗಲೇ ಮೂರು ಸಲ ನೆನಪಿಸಿದ್ದಾಳೆ. ನಾನು ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬೀದಿಗಳಲ್ಲಿ ತಿರುಗುತ್ತಿದ್ದೇನೆ.

ಮಾಸ್ತರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಒಂದು ಸರ್ಕಲ್ಲಿಗೆ ಇಟ್ಟುಬಿಟ್ಟಾರು, ವರ್ಷಕ್ಕೊಮ್ಮೆ ಹಾರ ಹಾಕಿ ಭಾಷಣ ಮಾಡಿಯಾರು. ಅವರು ಹಾರ ಹಾಕಿಸಿಕೊಳ್ಳುವ ಜಾತಿಯ ಮನುಷ್ಯರಾಗಿರಲಿಲ್ಲ. ನಶ್ಯ ಏರಿಸುತ್ತಿದ್ದರು, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು, ಪರೀಕ್ಷೆಯ ಪೇಪರುಗಳನ್ನು ಮೊದಲ ಪುಟ ನೋಡಿಯೇ ತಿದ್ದುತ್ತಿದ್ದರು. ಕರಿ ಟೊಪ್ಪಿಗೆ, ಮೊಣಕೈ ಹರಿದ ಕೋಟು, ಕಚ್ಚೆ ಧೋತರ. ಕೋಟಿನ ಬಲಗಿಸೆಯಲ್ಲಿ ನಶ್ಯದ ಡಬ್ಬಿ, ಎಡಗಿಸೆಯಲ್ಲಿ ನಾಲ್ಕು ಮಡಿಕೆ ಮಾಡಿದ ನಿನ್ನೆಯ ಪೇಪರು.

ಗದಗಿನ ಒಂದು ಶಾಲೆಯಲ್ಲಿ ಅವರು ಭೂಗೋಳ ಹೇಳುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿಗೆ ನಾನು ಗಣಿತದ ಮಾಸ್ತರನಾಗಿ ಅಲ್ಲಿ ಸೇರಿದಾಗ ಅವರಿಗೆ ನಲವತ್ತರ ಹತ್ತಿರ. ತರಗತಿಯ ಗೋಡೆಯ ಮೇಲೆ ಬಟ್ಟೆಗೆ ಅಂಟಿಸಿದ ದೊಡ್ಡ ನಕಾಶೆ ಇತ್ತು. ಎರಡು ವರ್ಷ ಅವರು ನಶ್ಯದ ಬೆರಳಿನಿಂದ ಆಫ್ರಿಕದ ಕೆಳತುದಿಯನ್ನು ತೋರಿಸಿ ತೋರಿಸಿ ಆ ಭಾಗವೇ ಕಂದು ಬಣ್ಣಕ್ಕೆ ತಿರುಗಿಬಿಟ್ಟಿತ್ತು. ಅಲ್ಲಿ ಏನು ಬೆಳೆಯುತ್ತದೆಂದು ಇನ್ಸ್‌ಪೆಕ್ಟರು ಕೇಳಿದಾಗ ಒಬ್ಬ ಹುಡುಗ ಎದ್ದುನಿಂತು "ತಂಬಾಕರಿ" ಎಂದಿದ್ದ.

ಆ ಬೆರಳು ಅಲ್ಲಿಗೇ ಹೋಗುವುದಕ್ಕೆ ಕಾರಣವಿತ್ತು. ಆ ದೇಶದ ಬಿಳಿಯ ಸರಕಾರ ನಮ್ಮವರನ್ನೂ ಅಲ್ಲಿಯ ಕರಿಯ ಜನರನ್ನೂ ದೂರ ಇಟ್ಟಿದೆ ಎಂದು ನಮ್ಮ ಸರಕಾರ ವಿಶ್ವಸಂಸ್ಥೆಯಲ್ಲಿ ದೂರು ಕೊಟ್ಟಿತ್ತು, ಆ ದೇಶದೊಡನೆ ವ್ಯಾಪಾರ ಕಡಿದುಕೊಂಡಿತ್ತು. ಮಾಸ್ತರು ಇದನ್ನು ತಮ್ಮ ಮನೆಯ ಕೋರ್ಟು ಕಚೇರಿಯ ವ್ಯವಹಾರದಂತೆ ಹಚ್ಚಿಕೊಂಡಿದ್ದರು. ಹುಬ್ಬಳ್ಳಿಯ ಗಾಡಿಗೆ ಪೇಪರು ಬಂದೊಡನೆ ಸ್ಟೇಷನ್ನಿಗೇ ಹೋಗಿ ಓದಿಕೊಂಡು ಬರುತ್ತಿದ್ದರು. ಯಾವ ದೇಶ ನಮ್ಮ ಕಡೆ, ಯಾವುದು ಅವರ ಕಡೆ, ಯಾವುದು ಬಾಯಲ್ಲಿ ಕಡುಬು ಇಟ್ಟುಕೊಂಡು ಕೂತಿದೆ ಎಂಬುದೆಲ್ಲ ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಜಾಹೀರಾಗುತ್ತಿತ್ತು.

ಭೂಗೋಳದ ಮಾಸ್ತರಿಗೆ ಇಷ್ಟೊಂದು ವಿದೇಶಾಂಗ ಯಾಕೆ ಎಂದು ಒಮ್ಮೆ ಕೇಳಿದ್ದೆ. ತಾವು ಹುಟ್ಟಿದ್ದೇ ವಿದೇಶಾಂಗದಲ್ಲಿ ಎಂದರು. ಮಾತು ಸುಳ್ಳಲ್ಲ. ಹುಟ್ಟೂರು ಶಿರಹಟ್ಟಿ ಒಂದು ಸಂಸ್ಥಾನಕ್ಕೆ ಸೇರಿತ್ತು, ಅಕ್ಕನನ್ನು ಕೊಟ್ಟ ಲಕ್ಷ್ಮೇಶ್ವರ ಇನ್ನೊಂದಕ್ಕೆ, ನೌಕರಿಯ ಗದಗು ಮುಂಬಯಿ ಸರಕಾರಕ್ಕೆ. ಚಿಕ್ಕಂದಿನಲ್ಲಿ ಅಕ್ಕನಿಗೆ ಉಪ್ಪಿನಕಾಯಿ ಒಯ್ಯುವಾಗ ಗಡಿಯ ಸುಂಕದ ನಾಕಾದವನ ಮುಂದೆ ಭರಣಿಯ ಅರಿವೆ ಬಿಚ್ಚಿ ತೋರಿಸಿದ್ದನ್ನು ಅವರು ರಾಯಭಾರದ ಮೊದಲ ಪಾಠ ಎನ್ನುತ್ತಿದ್ದರು.

ಆ ಅಕ್ಕ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ತಲೆಮಾರುಗಳಿಂದ ಗುಡಿಯ ಪೂಜೆ ನಡೆಸಿಕೊಂಡು ಬಂದ ಮನೆತನ. ಮಡಿ ಎಂದರೆ ಅಂಥಿಂಥ ಮಡಿಯಲ್ಲ. ತಮ್ಮನ ಹೆಂಡತಿಯೂ ಬೇಗ ತೀರಿಕೊಂಡದ್ದರಿಂದ ಬೆಟಗೇರಿಯ ಬಾಡಿಗೆ ಮನೆಯಲ್ಲಿ ಅಕ್ಕನದೇ ರಾಜ್ಯ. ಮಾಸ್ತರು ಜಗತ್ತಿನ ಯಾವ ಪ್ರಧಾನಿಗೂ ಹೆದರುತ್ತಿರಲಿಲ್ಲ. ಅಕ್ಕನ ಮುಂದೆ ಕೂತು ಕೆಮ್ಮಲೂ ಹೆದರುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ಡಂಬಳದ ಕಡೆಯಿಂದ ಯಲ್ಲಪ್ಪನವರು ನಮ್ಮ ಶಾಲೆಗೆ ಬಂದರು. ತಮ್ಮ ಕೇರಿಯಿಂದ ಟ್ರೇನಿಂಗ್ ಮುಗಿಸಿ ಮಾಸ್ತರಾದ ಮೊದಲಿಗರು, ನನ್ನ ಓರಿಗೆಯವರು. ಅವರು ಬಂದ ದಿನ ಬೆಳಗ್ಗೆ ವರಾಂಡದ ಕೊನೆಯಲ್ಲಿ, ಬೇವಿನ ಗಿಡದ ಪಕ್ಕ, ಒಂದು ಸಣ್ಣ ಬಾಕು, ಮರದ ಬೆಂಚು, ಬಂತು. ಬಾಕಿನ ಪಕ್ಕ ನೀರಿನ ಹರವಿ, ಅದರ ಮೇಲೊಂದು ತಂಬಿಗೆ. ಇಡು ಎಂದು ಯಾರೂ ಹೇಳಿರಲಿಲ್ಲ. ಸಿಪಾಯಿ ತಾನಾಗಿಯೇ ಇಟ್ಟಿದ್ದ. ನಾವು ಹೇಳಬೇಕಾಗಿ ಬರಲಿಲ್ಲವಲ್ಲ ಎಂದು ಒಳಗೊಳಗೇ ನಮಗೆಲ್ಲ ಸಮಾಧಾನವಾಯಿತು. ಯಲ್ಲಪ್ಪನವರು ಬಾಕನ್ನು ನೋಡಿದರು, ಹರವಿಯನ್ನು ನೋಡಿದರು, ಕೂತು ಹಾಜರಿ ಪುಸ್ತಕ ತೆರೆದರು.

ಅದೇ ಮಳೆಗಾಲದಲ್ಲಿ ಮಾಸ್ತರು ಒಂದು ಠರಾವು ತಯಾರು ಮಾಡಿದರು. ಗದಗಿನ ಶಿಕ್ಷಕರಾದ ನಾವು ಆ ದೇಶದ ಸರಕಾರವನ್ನು ಖಂಡಿಸುತ್ತೇವೆ ಎಂಬುದು ಅದರ ಸಾರಾಂಶ. ಮನುಷ್ಯರಿಗೆ ಬೇರೆ ಬಾಕು, ಬೇರೆ ನಳ, ಬೇರೆ ಬಾಗಿಲು ಮಾಡಿದ ಸರಕಾರ ನಾಗರಿಕತೆಗೇ ಕಳಂಕ ಎಂದು ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. "ಖಂಡಿಸುತ್ತೇವೆ" ಸಾಲದು, "ಉಗ್ರವಾಗಿ" ಸೇರಿಸಿರಿ ಎಂದರು ಹೆಡ್ ಮಾಸ್ತರು. ಡ್ರಿಲ್ ಮಾಸ್ತರರಿಗೆ ಅದೂ ಸಪ್ಪೆ ಎನಿಸಿ, ಒಂದು ಕೊನೆಯ ಎಚ್ಚರಿಕೆಯೂ ಇರಲಿ ಎಂದರು. ಗದಗಿನ ಡ್ರಿಲ್ ಮಾಸ್ತರು ಕೊನೆಯ ಎಚ್ಚರಿಕೆ ಕೊಟ್ಟ ಮೇಲೆ ಆ ದೇಶ ಏನು ಮಾಡೀತೆಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಸಹಿ ಹಾಕಿದೆವು. ನಾನೂ ಹಾಕಿದೆ, ಕೆಳಗೆ ಎರಡು ಗೆರೆ ಎಳೆದು.

ಎಲ್ಲ ಶಿಕ್ಷಕರ ಸಹಿ ಬೇಕಲ್ಲ. ಒಂದು ಉಳಿದಿತ್ತು. ಮಾಸ್ತರು ಠರಾವನ್ನೂ ಮಸಿಯ ದೌತಿಯನ್ನೂ ಟಾಕನ್ನೂ ಹಿಡಿದುಕೊಂಡು, ನಮ್ಮೆಲ್ಲರ ಕಣ್ಣೆದುರು, ವರಾಂಡದ ಕೊನೆಯ ಬಾಕಿಗೆ ನಡೆದರು. ಹೋಗುವಾಗ ಅವರಿಗೂ ಏನೂ ಹೊಳೆದಿರಲಿಲ್ಲ, ನೋಡುತ್ತಿದ್ದ ನಮಗೂ ಹೊಳೆದಿರಲಿಲ್ಲ. ಬೇರೆ ಬಾಕಿನ ವಿರುದ್ಧದ ಠರಾವನ್ನು ಬೇರೆ ಬಾಕಿಗೆ ಒಯ್ದು ಸಹಿ ಮಾಡಿಸುವ ಬುದ್ಧಿ ಭೂಮಿಯ ಮೇಲೆ ನಮಗಲ್ಲದೆ ಇನ್ನಾರಿಗೆ ಬಂದೀತು!

ಯಲ್ಲಪ್ಪನವರು ಠರಾವನ್ನು ಮೊದಲಿನಿಂದ ಕೊನೆಯವರೆಗೆ ಸಾವಕಾಶ ಓದಿದರು.

"ಸರ್, ಈ ದೇಶ ಇಲ್ಲಿಂದ ಎಷ್ಟ ದೂರ ಐತ್ರಿ?"

"ಭಾಳ ದೂರ. ಸಮುದ್ರ ದಾಟಬೇಕು. ಹಡಗದೊಳಗ ಹದಿನೈದಿಪ್ಪತ್ತು ದಿನ."

"ಹಂಗಾರ ಸಹಿ ಮಾಡಾಕ ಅಡ್ಡಿ ಇಲ್ಲ ಬಿಡ್ರಿ" ಎಂದು ಯಲ್ಲಪ್ಪನವರು ಸಹಿ ಮಾಡಿದರು.

ಮಾಸ್ತರು ಕಾಗದ ತೆಗೆದುಕೊಂಡು ತಿರುಗಿದವರು ಹರವಿಯನ್ನು ಎಡವಿದರು. ಒಳಗೆ ಬಂದು ಕೂತರು. ಇಡೀ ಒಂದು ಪಿರಿಯಡ್ ನಶ್ಯದ ಡಬ್ಬಿ ತೆರೆಯಲಿಲ್ಲ. ಸಂಜೆ ಠರಾವನ್ನು ಆ ದೇಶದ ಪ್ರಧಾನಿಯ ಹೆಸರಿಗೆ ಅಂಚೆಗೆ ಹಾಕಲು ಹೋದಾಗ ನಾನು ಜೊತೆಗಿದ್ದೆ. ಅಂಚೆ ಡಬ್ಬಿಯ ಬಾಯಲ್ಲಿ ಲಕೋಟೆ ಇಟ್ಟು ಬಹಳ ಹೊತ್ತು ಕೈ ಬಿಡಲೇ ಇಲ್ಲ. ಯಲ್ಲಪ್ಪ ತನ್ನೂರಿಗೆ ವರ್ಗ ಮಾಡಿಸಿಕೊಳ್ಳಲು ಅರ್ಜಿ ಬರೆದಿಟ್ಟಿದ್ದಾನೆ, ಸಿಪಾಯಿ ಹೇಳಿದ, ದೀಪಾವಳಿ ಸೂಟಿಗೆ ಮುಂಚೆ ಕೊಡುತ್ತಾನಂತೆ ಎಂದರು. ಆಮೇಲೆ ಲಕೋಟೆ ಬಿಟ್ಟರು.

ದೀಪಾವಳಿಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಹರವಿ ಒಳಗೆ ಬರಬೇಕು, ಯಲ್ಲಪ್ಪ ಹೋಗಬಾರದು. ಮಾಸ್ತರು ಹಿಡಿದ ಹಟ ಇಷ್ಟೇ. ಆದರೆ ಪೇಪರು ಓದಿ ಕೆಟ್ಟ ಮನುಷ್ಯ. ಎದ್ದು ಹೋಗಿ ಹರವಿಯನ್ನು ಎತ್ತಿಕೊಂಡು ಬಂದರಾಯಿತು ಎಂದು ಅವರಿಗೆ ಅನಿಸಲಿಲ್ಲ. ವಿಶ್ವಸಂಸ್ಥೆಯ ಕ್ರಮದಲ್ಲೇ ಹೊರಟರು.

ಮೊದಲು ಹೆಡ್ ಮಾಸ್ತರಿಗೆ ಪ್ರತಿಭಟನೆಯ ಪತ್ರ ಕೊಟ್ಟರು. ಎದುರಿನ ಕುರ್ಚಿಯಲ್ಲೇ ಕೂತಿರುವ ಮನುಷ್ಯನಿಗೆ ಲಕೋಟೆಯಲ್ಲಿ ಹಾಕಿ, ಅಂಟು ಹಚ್ಚಿ. ಹೆಡ್ ಮಾಸ್ತರು ಕೆಟ್ಟವರಲ್ಲ, ಹೆದರುಪುಕ್ಕಲು. ಪತ್ರ ಓದಿ, ಇದು ನಮ್ಮ ಶಾಲೆಯ ಒಳಗಿನ ವಿಚಾರ, ನೀವು ಭೂಗೋಳದವರು ಇದರಲ್ಲಿ ಕೈ ಹಾಕಬೇಡಿ ಎಂದರು. ಮಾಸ್ತರಿಗೆ ಆದ ಆನಂದ ಹೇಳತೀರದು. ಪೇಪರು ಬಿಚ್ಚಿ ತೋರಿಸಿದರು: ಆ ದೇಶದ ಪ್ರಧಾನಿಯೂ ನಿನ್ನೆ ಇದನ್ನೇ ಹೇಳಿದ್ದ. ನಮ್ಮ ಹೆಡ್ ಮಾಸ್ತರು ಪೇಪರು ಓದದೆಯೇ ಜಾಗತಿಕ ಮಟ್ಟಕ್ಕೆ ಏರಿದ್ದಾರೆ ಎಂದು ಹೊರಗೆ ಬಂದು ನನಗೆ ಹೇಳಿದರು.

ಎರಡನೆಯ ಕ್ರಮ, ರಾಯಭಾರಿಯನ್ನು ಹಿಂದೆ ಕರೆಸಿಕೊಳ್ಳುವುದು. ಮರುದಿನ ತಮ್ಮ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಬೇವಿನ ಗಿಡದ ಪಕ್ಕ ಹಾಕಿದರು. ಹರವಿಯ ನೀರನ್ನು ಅದೇ ತಂಬಿಗೆಯಿಂದ ಕುಡಿದರು. ಕಿಟಕಿಯಲ್ಲಿ ನಾವೆಲ್ಲ ನಾಟಕ ನೋಡುವವರ ಖುಷಿಯಲ್ಲಿ ನೋಡುತ್ತಿದ್ದೆವು. ಸಂತೋಷಪಡದೆ ಇದ್ದವರು ಯಲ್ಲಪ್ಪನವರೊಬ್ಬರೇ.

"ನೀವು ಹೊರಗ ಬಂದ್ರ ನನಗೇನು ಬಂತರಿ, ಸರ್? ಮೊದಲ ನೆರಳರೆ ಪೂರಾ ನಂದಿತ್ತು. ಈಗ ಅರ್ಧ ನಿಮಗ ಹೋತು. ನನಗ ಬೇಕಾದ್ದು ಒಳಗೊಂದು ಕುರ್ಚಿ."

"ಬರ್ತದ. ಕ್ರಮದ ಪ್ರಕಾರ ಬರ್ತದ" ಎಂದರಂತೆ ಮಾಸ್ತರು.

"ನಿಮ್ಮ ಕ್ರಮ ಮುಗಿಯೂದ್ರಾಗ ನನ್ನ ರಿಟೈರು ಬರ್ತೈತಿ" ಎಂದು ಯಲ್ಲಪ್ಪನವರು ಬಾಕಿನ ಆಚೆಯ ತುದಿಗೆ ಸರಿದರು.

ಮೂರನೆಯದು ವ್ಯಾಪಾರ ನಿರ್ಬಂಧ. ಇದು ತಟ್ಟಿತು. ಪ್ರತಿ ಶನಿವಾರ ಅಕ್ಕ ಒಂದು ದೊಡ್ಡ ಡಬ್ಬಿ ಹಚ್ಚಿದ ಅವಲಕ್ಕಿ ಕಟ್ಟಿ ಕಳಿಸುತ್ತಿದ್ದರು. ಒಳಗೆ ಮೆಂತ್ಯದ ಹಿಟ್ಟು, ಹಸಿ ಕೊಬ್ಬರಿ; ಮೇಲೆ ಹಾಕಲು ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಬೇರೆ ಪೊಟ್ಟಣದಲ್ಲಿ ನಾವು ತರುತ್ತಿದ್ದೆವು, ಯಾಕೆಂದರೆ ಆ ಮನೆಗೆ ಉಳ್ಳಾಗಡ್ಡಿ ಹೋಗುತ್ತಿರಲಿಲ್ಲ. ವಾರವಿಡೀ ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಿದ್ದ ನಾವು ಶನಿವಾರ ಆ ಡಬ್ಬಿಯ ಸುತ್ತ ಅಣ್ಣತಮ್ಮಂದಿರಾಗುತ್ತಿದ್ದೆವು. ಆ ಶನಿವಾರ ಡಬ್ಬಿ ಸ್ಟಾಫ್ ರೂಮಿನ ಮುಂದಿನಿಂದ ಹಾದು ಬೇವಿನ ಗಿಡದ ಕಡೆಗೆ ಹೋಯಿತು. ಮಾಸ್ತರೂ ಯಲ್ಲಪ್ಪನವರೂ ಒಂದೇ ಡಬ್ಬಿಗೆ ಕೈ ಹಾಕಿ ತಿಂದರು. ತಿನ್ನಬೇಕೆಂದರೆ ಅಲ್ಲಿಗೇ ಬರಬೇಕು.

ಮೊದಲ ಶನಿವಾರ ಯಾರೂ ಅಲುಗಾಡಲಿಲ್ಲ. ಎರಡನೆಯ ಶನಿವಾರ ಡ್ರಿಲ್ ಮಾಸ್ತರು ಹುಡುಗರ ಸಾಲು ಸರಿಯಾಗಿದೆಯೋ ನೋಡಿ ಬರುತ್ತೇನೆಂದು ಹೊರಗೆ ಹೋದವರು ಮೀಸೆಯಲ್ಲಿ ಕೊಬ್ಬರಿ ಸಿಕ್ಕಿಸಿಕೊಂಡು ಬಂದರು. ಮೂರನೆಯ ಶನಿವಾರ ಉಳಿದ ನಾಲ್ವರಲ್ಲಿ ಇಬ್ಬರು ಹೋದರು. ಅವಲಕ್ಕಿ ತಿಂದವರಿಗೆ ನೀರಡಿಸಬೇಕಲ್ಲ, ಹರವಿಯ ನೀರನ್ನೂ ಕುಡಿದರು. ಮಣ್ಣಿನ ಹರವಿ, ಗಿಡದ ನೆರಳು. ಒಳಗಿನ ತಾಮ್ರದ ಹಂಡೆಯ ನೀರಿಗಿಂತ ಎಷ್ಟೋ ತಣ್ಣಗೆ. ನಮ್ಮವರ ಮನಸ್ಸನ್ನು ನ್ಯಾಯನೀತಿ ಕರಗಿಸಿತು ಎಂದು ಬರೆಯಲು ನನಗೂ ಇಷ್ಟವಿದೆ, ಆದರೆ ನಾನು ಕಣ್ಣಾರೆ ಕಂಡದ್ದು ಅವಲಕ್ಕಿ ಮತ್ತು ತಣ್ಣೀರು.

ನಾನು ಹೋಗಲಿಲ್ಲ. ಹೆಡ್ ಮಾಸ್ತರೂ ನಾನೂ ಇಬ್ಬರೇ ಆ ದೊಡ್ಡ ಕೋಣೆಯಲ್ಲಿ ಎದುರುಬದುರು ಕೂತು ಗೋಡೆ ನೋಡುತ್ತಿದ್ದೆವು. ಜಾತಿ ಕೆಟ್ಟೀತೆಂಬ ಭಕ್ತಿಯೇನೂ ನನಗಿರಲಿಲ್ಲ. ಅಂಗಡಿ ಮಾಡಿಕೊಂಡ ಮನೆತನ ನಮ್ಮದು, ಮದುವೆ ಗೊತ್ತಾಗಿತ್ತು, ಬೀಗರ ಕಿವಿಗೆ ಬಿದ್ದರೆ ಎಂಬ ಅಂಜಿಕೆ ಅಷ್ಟೇ. ಯಾರಾದರೂ ಕೇಳಿದರೆ ನನಗೆ ಗಂಟಲು ಬೇನೆ, ಮನೆಯಿಂದ ಕಾಸಿದ ನೀರು ತಂದಿದ್ದೇನೆ ಎನ್ನುತ್ತಿದ್ದೆ. ಒಂದು ಸಲ ಯಲ್ಲಪ್ಪನವರೇ ತಂಬಿಗೆ ಚಾಚಿದಾಗಲೂ ಗಂಟಲು ತೋರಿಸಿದೆ. ಅವರು ತಂಬಿಗೆಯನ್ನು ಹರವಿಯ ಮೇಲೆ ಬೋರಲು ಹಾಕಿದರು.

ಇನ್ನೊಂದು ಕೆಲಸವನ್ನೂ ಮಾಡಿದೆ. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ನಮ್ಮ ಅವ್ವನಿಗೆ ಹೇಳಿದೆ, ನಗುನಗುತ್ತ, ಯಾರದೋ ಹುಚ್ಚಾಟದ ಕಥೆ ಹೇಳಿದಂತೆ. ಅವ್ವನಿಗೆ ಹೇಳಿದ್ದು ಸಂಜೆಯೊಳಗೆ ಬೆಟಗೇರಿಯ ಆ ತುದಿ ಮುಟ್ಟುತ್ತದೆಂದು ಗೊತ್ತಿದ್ದೂ ಹೇಳಿದೆ. ಮರುದಿನ ಗುಡಿಯಲ್ಲಿ ಮಾಸ್ತರ ಅಕ್ಕನಿಗೆ ಎಲ್ಲ ವಿವರವಾಗಿ ತಿಳಿಯಿತು.

ಆ ಮಧ್ಯಾಹ್ನ ಮನೆಗೆ ಹೋದ ಮಾಸ್ತರಿಗೆ ಕಂಡದ್ದು ಹೊರಗಿನ ಕಟ್ಟೆಯ ಮೇಲೆ ಹಾಸಿದ ಪತ್ರಾವಳಿ. ಅಕ್ಕ ಹೊಸ್ತಿಲಿನ ಒಳಗೆ ನಿಂತಿದ್ದರು.

"ನಿನ್ನ ಸಾಲ್ಯಾಗ ನೀ ಏನರೆ ಮಾಡು, ನಾ ಕೇಳಂಗಿಲ್ಲ. ಈ ಒಲಿ ನಂದು. ಇವತ್ತಿನಿಂದ ನಿನಗ ಊಟ ಕಟ್ಟಿ ಮ್ಯಾಲೆ."

ಜಗತ್ತಿಗೆಲ್ಲ ಪತ್ರ ಬರೆದ ಮನುಷ್ಯ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರಂತೆ. ಅಕ್ಕ ದೂರದಿಂದ ಬಡಿಸಿದರು. ನಿರ್ಬಂಧ ತುಪ್ಪಕ್ಕೆ ಅನ್ವಯಿಸಿರಲಿಲ್ಲ. ಅದು ಎಂದಿನಷ್ಟೇ ಬಿತ್ತು. ತಮ್ಮನ ಊಟ ಮುಗಿಯುವವರೆಗೆ ಆಕೆ ಹೊಸ್ತಿಲಲ್ಲಿ ಕೂತೇ ಇದ್ದರು, ಬೇಕೇನೋ ಎಂದು ಕೇಳುತ್ತ, ಬೈಯುತ್ತ.

ಶಾಲೆಯ ಕಥೆ ಅದೇ ವಾರ ಮುಗಿಯಿತು. ನನ್ನೊಬ್ಬನ ಮುಖ ನೋಡುತ್ತ ಕೂತು ಕೂತು ಹೆಡ್ ಮಾಸ್ತರಿಗೆ ತಲೆ ಚಿಟ್ಟು ಹಿಡಿದಿತ್ತು. ಯಾರ ಚಾಡಿಯೂ ಕಿವಿಗೆ ಬೀಳದೆ ಅವರಿಗೆ ಶಾಲೆ ನಡೆಸುವುದೇ ಕಷ್ಟವಾಗಿತ್ತು. ಒಂದು ಬೆಳಗ್ಗೆ ಸಿಪಾಯಿಯನ್ನು ಕರೆದು, ಹರವಿಯ ಮೇಲೆ ಬಿಸಿಲು ಬೀಳುತ್ತಿದೆ, ಒಳಗೆ ತಂದಿಡು, ಯಲ್ಲಪ್ಪ ಮಾಸ್ತರರ ಕುರ್ಚಿಗೂ ಒಂದು ಜಾಗ ಮಾಡು ಎಂದರು. ಬೇವಿನ ಗಿಡದ ಕೆಳಗೆ ಎಲ್ಲಿಯ ಬಿಸಿಲು! ಡ್ರಿಲ್ ಮಾಸ್ತರು ನಗಲು ಬಾಯಿ ತೆರೆದರು, ಮಾಸ್ತರು ಅವರ ಕಾಲು ತುಳಿದರು. ಸೋತೆ ಎಂದು ಯಾವ ಸರಕಾರವೂ ಹೇಳುವುದಿಲ್ಲ, ಹೊರಗೆ ಬರಲು ಒಂದು ನೆಪದ ಬಾಗಿಲು ಇಟ್ಟಿರಬೇಕು ಎಂದು ಆಮೇಲೆ ವಿವರಿಸಿದರು. ಯಲ್ಲಪ್ಪನವರು ಒಳಗಿನ ಕುರ್ಚಿಯಲ್ಲಿ ಕೂತು, ಕೋಟಿನ ಕಿಸೆಯಿಂದ ಅರ್ಜಿ ತೆಗೆದು ನೋಡಿ ಮತ್ತೆ ಕಿಸೆಗೇ ಹಾಕಿಕೊಂಡರು. ಹರಿಯಲಿಲ್ಲ. ನಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಎಲ್ಲರೂ ಹರವಿಯ ನೀರಿಗೆ ಮುಗಿಬಿದ್ದರು. ನಾನು ಮಾತ್ರ ಗಂಟಲು ಬೇನೆಯನ್ನು ಮುಂದುವರಿಸಿಕೊಂಡು ಹೋದೆ. ಒಮ್ಮೆ ಹೇಳಿದ ಸುಳ್ಳು, ಬಿಡಲು ನನಗೂ ಒಂದು ನೆಪ ಬೇಕಿತ್ತು, ಅದನ್ನು ಯಾರೂ ಕೊಡಲಿಲ್ಲ.

ಶಾಲೆಯಲ್ಲಿ ಗೆದ್ದ ಮಾಸ್ತರು ಮನೆಯಲ್ಲಿ ಕಟ್ಟೆ ಬಿಟ್ಟು ಏಳಲಿಲ್ಲ. ಪ್ರಾಯಶ್ಚಿತ್ತ ಮಾಡಿಕೋ, ಒಳಗೆ ಬಾ ಎಂದು ಅಕ್ಕ. ಪ್ರಾಯಶ್ಚಿತ್ತ ಮಾಡಿಕೊಂಡರೆ ಯಲ್ಲಪ್ಪನ ಕೈಯ ನೀರು ಹೊಲಸು ಎಂದು ಸಹಿ ಮಾಡಿದಂತೆ ಎಂದು ತಮ್ಮ. ಇಬ್ಬರೂ ಶಿರಹಟ್ಟಿಯ ನೀರು ಕುಡಿದು ಬೆಳೆದವರು, ಬಗ್ಗಲಿಲ್ಲ. ಯಲ್ಲಪ್ಪನವರು ಮನೆಗೆ ಬಂದ ದಿನ ಅಕ್ಕ ಕಟ್ಟೆಯ ಮೇಲೆ ಎರಡು ಪತ್ರಾವಳಿ ಹಾಕಿ, ಇಬ್ಬರಿಗೂ ಅಷ್ಟೇ ದೂರದಿಂದ, ಅಷ್ಟೇ ತುಪ್ಪ ಬಡಿಸುತ್ತಿದ್ದರು. ಆ ಓಣಿಯಲ್ಲಿ ಹಾಡುಹಗಲು ನಡೆದ ಮೊದಲ ಸಹಪಂಕ್ತಿ ಭೋಜನವನ್ನು ಹೀಗೆ ಮಾಡಿಸಿದವರು ಅದನ್ನು ತಡೆಯಲು ಹೊರಟ ಆ ಹೆಂಗಸು. ಏಕೀಕರಣವಾದ ವರ್ಷ, ಬೀದಿಯಲ್ಲಿ ಸಕ್ಕರೆ ಹಂಚಿದ ದಿನ, ಮೂರು ಸರಕಾರದ ಊರುಗಳೂ ಒಂದೇ ರಾಜ್ಯವಾದವು, ನಮ್ಮ ಮನೆಯ ಗಡಿ ಮಾತ್ರ ಹೊಸ್ತಿಲಲ್ಲೇ ಇದೆ ಎಂದು ಮಾಸ್ತರು ಕಟ್ಟೆಯಿಂದ ಕೂಗಿ ಹೇಳಿದರು. ಒಳಗಿನಿಂದ ಅಕ್ಕ ಬಾಯಿ ಮುಚ್ಚಿಕೊಂಡು ಉಣ್ಣು ಎಂದರು. ಮರುವರ್ಷ ಆಕೆ ತೀರಿಕೊಂಡರು.

ನಾನು ಮದುವೆಯಾಗಿ, ವರ್ಗವಾಗಿ ಹುಬ್ಬಳ್ಳಿಗೆ ಬಂದೆ. ಬೆಟಗೇರಿಗೆ ಹೋದಾಗಲೆಲ್ಲ ಮಾಸ್ತರು ಕಟ್ಟೆಯ ಮೇಲೆ ಸಿಗುತ್ತಿದ್ದರು. ಠರಾವಿಗೆ ಉತ್ತರ ಬಂತೇ ಎಂದು ಕೇಳಿದರೆ, ಹಡಗಿನ ಅಂಚೆ ತಡ ಎನ್ನುತ್ತಿದ್ದರು. ನಲವತ್ತೈದು ವರ್ಷ ಇದೇ ಮಾತು.

ಕೊನೆಯ ಸಲ ಹೋದದ್ದು, ಆ ದೇಶದ ಜನರೆಲ್ಲ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದ ಸುದ್ದಿ ಪೇಪರಿನಲ್ಲಿ ಬಂದ ವಾರ. ಬೇಕೆಂದೇ ಹೋದೆ. ಮಧ್ಯಾಹ್ನದ ಹೊತ್ತು, ಎಂಬತ್ತು ದಾಟಿದ ಮುದುಕ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಯಲ್ಲಪ್ಪನವರ ಸೊಸೆ ಮಾಡಿದ ರೊಟ್ಟಿ, ಬುತ್ತಿ ತಂದ ಯಲ್ಲಪ್ಪನವರು ಪಕ್ಕದಲ್ಲಿ.

"ಉತ್ತರ ಬಂತು ನೋಡಲೇ" ಎಂದು ಮಾಸ್ತರು ಪೇಪರನ್ನು ನನ್ನ ಕಡೆಗೆ ಎಸೆದರು. ಫೋಟೋದ ಮೇಲೆ ನಶ್ಯದ ಗುರುತಿತ್ತು.

ಆಗ ನಾನು ಹೇಳಿದೆ. ಅಂದು ಅಕ್ಕನಿಗೆ ಸುದ್ದಿ ಮುಟ್ಟಿದ್ದು ನನ್ನಿಂದ ಎಂದು ನೆಲ ನೋಡುತ್ತ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ. ನಿಮ್ಮವ್ವಗ ನೀ ಬಿಟ್ರ ಇನ್ಯಾರು ಹೇಳಬೇಕು? ಪ್ರಧಾನಿಗೆ ಪತ್ರ ಬರೆದೆ, ಹೆಡ್ ಮಾಸ್ತರಗ ಬರೆದೆ. ಅಕ್ಕನ ಮುಂದ ಬಾಯಿ ಬಿಡಲಿಕ್ಕೆ ನನ್ನಿಂದ ಆಗ್ಲಿಲ್ಲ. ಮೂರು ವಾರ ಹೆದರಿಕೊಂಡು ಮನಿಗೆ ಹೋಗಿದ್ದೆ. ನೀ ಚಾಡಿ ಹೇಳಿದ್ದು ಛಲೋ ಆತು."

ಇನ್ನಾದರೂ ಒಳಗೆ ಕೂತು ಉಣ್ಣಬಾರದೇ, ಅಕ್ಕ ಹೋಗಿ ಎಷ್ಟು ವರ್ಷವಾಯಿತು, ಆ ದೇಶದ ಮೇಲಿನ ನಿರ್ಬಂಧಗಳನ್ನೇ ತೆಗೆದರಲ್ಲ ಎಂದೆ.

"ಅಲ್ಲಿಯವರು ಸಹಿ ಮಾಡಿದ್ರು, ತಗದ್ರು. ನಮ್ಮಕ್ಕ ಸಹಿ ಮಾಡದ ಹೋದ್ಲು. ಆಕಿ ಹಾಕಿದ್ದನ್ನ ಆಕಿನ ತಗೀಬೇಕು. ಈಗ ನಾ ಎದ್ದು ಒಳಗ ಹೋದ್ರ, ಆಕಿ ಇಲ್ಲದಾಗ ಆಕಿನ್ನ ಸೋಲಿಸಿದಂಗ ಆಗ್ತದ."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲು ಹೋಗಲಿಲ್ಲ. ಮಾಸ್ತರಿಗೆ ಅದು ಇರುಸುಮುರುಸಾಗಿ, ನೀರು ಕೊಡೋ ಇವನಿಗೆ ಎಂದು ಯಲ್ಲಪ್ಪನವರ ಕಡೆ ಕೈ ಮಾಡಿದರು. ಯಲ್ಲಪ್ಪನವರು ತಂಬಿಗೆ ತುಂಬಿ ಚಾಚಿದರು. ತಳ ಜಜ್ಜಿ ಹೋದ ಅದೇ ತಂಬಿಗೆ. ಶಾಲೆ ಹಳೆಯ ಸಾಮಾನು ಹೊರಗೆ ಹಾಕಿದಾಗ ಅವರೇ ಎತ್ತಿಟ್ಟುಕೊಂಡಿದ್ದರಂತೆ. ನಾನು ತೆಗೆದುಕೊಂಡು, ತುಟಿ ಹಚ್ಚಿ ಕುಡಿದೆ.

ಯಲ್ಲಪ್ಪನವರು ನಾನು ಕುಡಿಯುವುದನ್ನೇ ನೋಡುತ್ತಿದ್ದರು. ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

"ಸರ್, ಗಂಟಲು ಬ್ಯಾನಿ ಈಗ ಆರಾಮ ಐತೇನ್ರಿ?"

ಆರಾಮ ಐತ್ರಿ ಎಂದೆ. ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೂ ಕುಡಿದೆ.